ಅಮಾವಾಸ್ಯೆಯ ಕ್ಯಾಸೆಟ್ಟು

ರಬಕವಿಯ ನೇಕಾರರ ಓಣಿಯಲ್ಲಿ ಗುಟ್ಟು ಗುಟ್ಟಾಗಿ ಉಳಿಯುವುದು ಮಗ್ಗ ಓಡುವಾಗ ಮಾತ್ರ. ವಿದ್ಯುತ್ ಮಗ್ಗಗಳು ಖಟಕ್ ಖಟಕ್ ಎಂದು ಬಡಿಯತೊಡಗಿದರೆ ಪಕ್ಕದ ಮನೆಯ ಗೋಡೆ ಬಿದ್ದರೂ ಕೇಳುವುದಿಲ್ಲ. ಗಂಡ ಹೆಂಡಿರು ಜಗಳವನ್ನು ಕೂಡ ಕೈಸನ್ನೆಯಲ್ಲೇ ಮುಗಿಸಿಕೊಳ್ಳುತ್ತಾರೆ. ಆದರೆ ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಅವತ್ತು ಇಡೀ ಓಣಿ ಕಿವಿ ತೆರೆದುಕೊಂಡು ಕಟ್ಟೆಯ ಮೇಲೆ ಕೂತಿರುತ್ತದೆ. ಚಿದಾನಂದನಿಗೆ ಆ ಫೋನು ಬಂದದ್ದು ಅಂಥ ಒಂದು ಅಮಾವಾಸ್ಯೆಯ ಬೆಳಿಗ್ಗೆ ಎಂಟು ಗಂಟೆಗೆ. ಅವನ ಗ್ರಹಚಾರ ಶುರುವಾದದ್ದು ಅಲ್ಲಿಂದಲೇ.

ಮಗ್ಗದ ಮಂದಿಗೆ ಮೆಲ್ಲಗೆ ಮಾತಾಡುವುದು ಗೊತ್ತಿಲ್ಲ. ವರ್ಷಗಟ್ಟಲೆ ಆ ಗದ್ದಲದ ಮೇಲೆ ಕೂಗಿ ಕೂಗಿ, ಮಗ್ಗ ನಿಂತ ದಿನವೂ ಅದೇ ದನಿ ಹೊರಡುತ್ತದೆ. ಚಿದಾನಂದ ಬಚ್ಚಲಿನ ಬಾಗಿಲಲ್ಲಿ ನಿಂತು "ಹಲೋ" ಎಂದದ್ದು ಎಂಟು ಮನೆಗೆ ಕೇಳಿತು.

"ಯಾವ ಕ್ಯಾಸೆಟ್ಟರಿ ಮೇಡಂ? ಹಾಂ, ಐತ್ರಿ! ಇಪ್ಪತ್ತೊಂದ ವರ್ಷದಿಂದ ಜ್ವಾಪಾನ ಇಟ್ಟೇನ್ರಿ! ಏನಂದ್ರಿ? ಕಡೀ ಹಾಡಿನ್ಯಾಗ ದನಿ ಕೊಟ್ಟವ್ರ? ಇವತ್ತ ಸಂಜಿಕ್ಕ ಸ್ಟೇಜಿನ ಮ್ಯಾಲ?" ಅವನು ಬಚ್ಚಲು ಬಿಟ್ಟು ಅಂಗಳಕ್ಕೇ ಬಂದ. "ಮೇಡಂ, ಅದು ನಾನ ರೀ. ನಾನ ಹಾಡೇನಿ!"

ಓಣಿಯಲ್ಲಿ ಯಾರೋ ಫಕ್ಕನೆ ನಕ್ಕರು.

ನಕ್ಕದ್ದಕ್ಕೆ ಕಾರಣವಿದೆ. 'ಮಡ್ಡಿ' ಎಂಬ ರಾಕ್ ಬ್ಯಾಂಡಿನ ಹೆಸರು ಈಗ ಈ ಕಡೆ ಯಾರಿಗೆ ಗೊತ್ತಿಲ್ಲ? ಮಡ್ಡಿ ಎಂದರೆ ನಮ್ಮಲ್ಲಿ ಊರಾಚೆಯ ಕಲ್ಲುನೆಲ. ಏನೂ ಬೆಳೆಯದ ಆ ನೆಲದ ಹೆಸರಿಟ್ಟುಕೊಂಡು, ನಮ್ಮ ಮಾತಿನಲ್ಲೇ ಹಾಡು ಕಟ್ಟಿ, ಗಿಟಾರು ಬಾರಿಸಿ ಮುಂಬೈ ಪುಣೆಯವರನ್ನೂ ಕುಣಿಸಿದ ಹುಡುಗರು ಅವರು. ತೇರದಾಳದ ಅಭಿನಂದನ ಹಾಡುತ್ತ ಗಿಟಾರು ಬಾರಿಸಿದರೆ, ಬನಹಟ್ಟಿಯ ವಿಜಯ ಡ್ರಮ್ಮು ಬಡಿಯುತ್ತಾನೆ. ಆದರೆ ಆ ಹೆಸರು ಹುಟ್ಟುವ ಮೊದಲು, ಇಬ್ಬರೂ ಜಮಖಂಡಿಯ ಕಾಲೇಜಿಗೆ ಬಸ್ಸಿನಲ್ಲಿ ನಿಂತು ಹೋಗಿಬರುತ್ತಿದ್ದ ಕಾಲದಲ್ಲಿ, ಅವರಿಗೆ ಬಾರಿಸಲು ಮೂರು ಮೊಳ ಜಾಗವಿರಲಿಲ್ಲ. ಮನೆಯಲ್ಲಿ ಬಾರಿಸಿದರೆ ಮನೆಯವರು ಓಡಿಸಿದರು, ಹೊಳೆಯ ದಂಡೆಯಲ್ಲಿ ಬಾರಿಸಿದರೆ ಬಟ್ಟೆ ಒಗೆಯುವವರು ಓಡಿಸಿದರು. ಅಂಥ ಹೊತ್ತಿನಲ್ಲಿ "ಅಮಾಸಿ ದಿನಾ ನನ್ನ ಮಗ್ಗದ ಶೆಡ್ ಖಾಲಿ ಇರ್ತೈತಿ, ಬರ್ರೆಪಾ" ಎಂದು ಬಾಗಿಲು ತೆಗೆದವನು ಚಿದಾನಂದ.

ಒಂದು ಅಮಾವಾಸ್ಯೆಗೆ ಅವನ ಮದುವೆಯಲ್ಲಿ ಬಂದ ಟೇಪ್ ರೆಕಾರ್ಡರಿನ ಮುಂದೆ ಕೂತು ಹುಡುಗರು ಏಳು ಹಾಡು ಬಾರಿಸಿದರು. ಕೊನೆಯ ಹಾಡಿಗೆ ಅಭಿನಂದನ, "ಅಣ್ಣಾ, ನೀವೂ ಒಂದ ಆಲಾಪ ಹಾಕ್ರಿ" ಎಂದ. ಚಿದಾನಂದ ಕಣ್ಣು ಮುಚ್ಚಿ ಜೀವ ಬಿಟ್ಟು ಹಾಡಿದ. ಕಣ್ಣು ತೆರೆದಾಗ ಹುಡುಗರು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಆ ಚಪ್ಪಾಳೆ ಅವನ ಬಾಳಿನ ದೊಡ್ಡ ಆಸ್ತಿ. ಮರುವಾರವೇ ಟೇಪ್ ರೆಕಾರ್ಡರಿನೊಳಗೆ ಇಲಿ ಮರಿ ಹಾಕಿತು. ಕ್ಯಾಸೆಟ್ಟು ಬೂಟಿನ ಡಬ್ಬಿ ಸೇರಿ ಅಟ್ಟ ಹತ್ತಿತು. ಚಿದಾನಂದ ತನ್ನ ಹಾಡನ್ನು ಮತ್ತೆ ಒಂದು ಸಲವೂ ಕೇಳಲಿಲ್ಲ, ಆದರೆ ಅದರ ಕತೆ ಹೇಳುವುದನ್ನು ಬಿಡಲಿಲ್ಲ. ಓಣಿಯವರು ಅವನಿಗೆ 'ರೀಲ್ ಚಿದಾನಂದ' ಎಂದೇ ಹೆಸರಿಟ್ಟರು. ಆ ಹೆಸರಿನಲ್ಲಿ ಕ್ಯಾಸೆಟ್ಟಿನ ರೀಲೂ ಇತ್ತು, ಅವನು ರೀಲು ಬಿಡುತ್ತಾನೆಂಬುದೂ ಇತ್ತು.

ಈಗ ಫೋನು ಮಾಡಿದ ಪೂರ್ಣಿಮಾ ಧಾರವಾಡದವಳು. ಹೆಸರಾದ ಹಾಡುಗಾರರು ಹೆಸರಾಗುವ ಮೊದಲು ಎಲ್ಲೆಲ್ಲಿ ಏನೇನು ಹಾಡಿದ್ದರೋ ಅದನ್ನೆಲ್ಲ ಹುಡುಕಿ ಕೂಡಿಡುವುದು ಅವಳ ಕೆಲಸ. ಸಂಜೆ ಜಮಖಂಡಿಯ ಮೈದಾನದಲ್ಲಿ ಮಡ್ಡಿಯ ಕಾರ್ಯಕ್ರಮ. ಅಭಿನಂದನ ಅವಳಿಗೆ ಹೇಳಿದ್ದನಂತೆ: ರಬಕವಿಯ ಚಿದಾನಂದಣ್ಣನ ಹತ್ತಿರ ನಮ್ಮ ಮೊದಲನೆಯ ಕ್ಯಾಸೆಟ್ಟಿದೆ, ಅದರ ಕೊನೆಯ ಹಾಡಿನಲ್ಲಿ ಒಂದು ದನಿ ಇದೆ, ಅಂಥ ದನಿ ನಮಗೆ ಮತ್ತೆ ಸಿಗಲಿಲ್ಲ, ಆ ಮನುಷ್ಯನನ್ನು ಹೇಗಾದರೂ ವೇದಿಕೆಗೆ ಕರೆತನ್ನಿ.

ಪಕ್ಕದ ಮನೆಯ ಅಪ್ಪಾಸಾಬ ಗೋಡೆಯ ಮೇಲಿಂದ ತಲೆ ಹಾಕಿದ. ಅರವತ್ತೆಂಟರ ವಯಸ್ಸು, ನಾಲ್ಕು ಮಗ್ಗದ ಯಜಮಾನ, ಓಣಿಯಲ್ಲಿ ಯಾರು ಏನು ಮಾಡಿದರೂ ಮೊದಲ ತಕರಾರು ಅವನದೇ.

"ಚಿದ್ಯಾ, ನೀ ಹಾಡಿದಿ? ಹಂಗಾರ ತಗಿ ಹೊರಗ ಆ ಕ್ಯಾಸೆಟ್ಟ. ಇವತ್ತ ಅಮಾಸಿ, ನನಗೂ ಬ್ಯಾರೆ ಉದ್ಯೋಗಿಲ್ಲ."

"ತಗಿತೇನಿ ಕಾಕಾ! ಇವತ್ತ ಓಣಿಗೆಲ್ಲಾ ಕೇಳಸ್ತೇನಿ!" ಎಂದು ಚಿದಾನಂದ ಅಟ್ಟ ಹತ್ತಿದ. ಜೇಡರ ಬಲೆಯೊಂದು ಬಿಟ್ಟು ಅಲ್ಲಿ ಏನೂ ಇರಲಿಲ್ಲ.

"ಗಂಗಾ! ಇಲ್ಲೊಂದ ಬೂಟಿನ ಡಬ್ಬಿ ಇತ್ತಲ್ಲಾ?"

ಹೆಂಡತಿ ಗಂಗಾಂಬಿಕಾ ರೊಟ್ಟಿ ಬಡಿಯುತ್ತಲೇ ಹೇಳಿದಳು. "ಅದನ್ನ ಸಂಕ್ರಾಂತಿಗೆ ಬಂದಾಗ ನಮ್ಮ ಧರ್ಮರಾಜ ಒಯ್ದಾನರಿ."

"ಧರ್ಮರಾಜ? ಅಂವಗ್ಯಾವಾಗಿಂದ ಹಾಡಿನ ಹುಚ್ಚ?"

"ಕೇಳಾಕಲ್ರಿ. ಸಾವಳಗ್ಯಾಗ ದ್ರಾಕ್ಷಿಗೆ ಗುಬ್ಬಿ ಭಾಳ ಬರಾಕತ್ತಾವಂತ, ತ್ವಾಟಕ್ಕ ಕಟ್ಟಾಕ."

ಚಿದಾನಂದ ಅಟ್ಟದ ಏಣಿಯ ನಡುವೆಯೇ ಕುಳಿತ. ಕ್ಯಾಸೆಟ್ಟಿನ ಟೇಪನ್ನು ಎಳೆದು ತೋಟದ ಅಡ್ಡಡ್ಡ ಬಿಗಿದರೆ ಬಿಸಿಲಿಗೆ ಮಿರಮಿರ ಮಿಂಚುತ್ತದೆ, ಗಾಳಿಗೆ ಊಂ ಎನ್ನುತ್ತದೆ, ಹಕ್ಕಿ ಹತ್ತಿರ ಸುಳಿಯುವುದಿಲ್ಲ. ನಮ್ಮ ಕಡೆ ರೈತರಿಗೆಲ್ಲ ಗೊತ್ತಿರುವ ಉಪಾಯ ಇದು. ಹೆಂಡತಿಯನ್ನು ಬೈಯೋಣವೆಂದರೆ ಒಯ್ದವನು ಅವಳ ತಮ್ಮ. ಹೆಂಡತಿಯ ತಮ್ಮನನ್ನು ಬೈದು ರೊಟ್ಟಿ ತಿಂದವರನ್ನು ಚಿದಾನಂದ ಇನ್ನೂ ನೋಡಿರಲಿಲ್ಲ.

"ತ್ವಾಟಕ್ಕ ಕಟ್ಯಾನೋ? ನೋಡಿದಿ ಎಷ್ಟ ಛಂದ ಕತಿ!" ಎಂದು ಅಪ್ಪಾಸಾಬ ಗೋಡೆಯಾಚೆಯಿಂದ ಚಪ್ಪಾಳೆ ತಟ್ಟಿದ. "ಕ್ಯಾಸೆಟ್ಟ ಕೇಳಿದ್ರ ಗುಬ್ಬಿ ಒಯ್ದಾವು ಅಂತಾನ!"

ಈ ಮಾತು ಚಿದಾನಂದನಿಗೆ ನೆಟ್ಟಗೆ ಎದೆಗೆ ಬಡಿಯಿತು. ಟೇಪು ಸಿಗದಿದ್ದರೆ ಇನ್ನು ಅವನು ಸಾಯುವತನಕ ರೀಲ್ ಚಿದಾನಂದನೇ. ಪೂರ್ಣಿಮಾಳಿಗೆ ಫೋನು ಮಾಡಿ, ಕ್ಯಾಸೆಟ್ಟು ಸಾವಳಗಿಯಲ್ಲಿದೆ, ಅಲ್ಲಿಗೇ ಬನ್ನಿ ಎಂದ. ಎಲ್ಲಿ, ಹೇಗಿದೆ ಎಂಬುದನ್ನು ಹೇಳಲಿಲ್ಲ. ಓಣಿಯ ಅಂದಾನೆಪ್ಪನ ಮೂರು ಗಾಲಿಯ ಟಂಟಂ ಗಾಡಿ ಕರೆಸಿದ. ಗಂಡ ಹೆಂಡತಿ ಹಿಂದೆ ಕೂತರು. ಮುಂದಿನ ಸೀಟಿನಲ್ಲಿ ಯಾರೂ ಕರೆಯದೆ ಅಪ್ಪಾಸಾಬ ಹತ್ತಿ ಕೂತಿದ್ದ.

"ನೀವ್ಯಾಕ ಕಾಕಾ?"

"ಸಾಕ್ಷಿ ಬೇಕಲ್ಲೋ. ನಾಳೆ ನೀ ಬಂದು ಸಿಕ್ಕಿತ್ತು ಅಂದ್ರ ಹೌದು ಅನ್ನಾವ್ರು ಯಾರು, ಇಲ್ಲ ಅನ್ನಾವ್ರು ಯಾರು?"

ದಾರಿಯಲ್ಲಿ ಚಿದಾನಂದ ಸಂಜೆಯ ತಯಾರಿಗೆಂದು ಕಣ್ಣು ಮುಚ್ಚಿ ಆಲಾಪ ತೆಗೆದ. ಹುನ್ನೂರು ದಾಟುವಷ್ಟರಲ್ಲಿ ಅಂದಾನೆಪ್ಪ ಎರಡು ಸಲ ಗಾಡಿ ನಿಲ್ಲಿಸಿ, ಇಳಿದು, ಹಿಂದಿನ ಗಾಲಿಗೆ ಕಿವಿ ಕೊಟ್ಟು ನೋಡಿದ. ಮೂರನೆಯ ಸಲ, "ಅಣ್ಣಾರ, ನೀವ ಮಾಡಾಕತ್ತಿದ್ರಿ? ಮದಲ ಹೇಳಬಾರದನ್ರಿ, ನಾ ಬೇರಿಂಗ ಹೋತಂತ ಮಾಡಿದ್ನಿ" ಎಂದ. ಗಂಗಾಂಬಿಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಜಮಖಂಡಿ ಬರುವವರೆಗೂ ಹೊರಗೆ ನೋಡುತ್ತ ಕೂತಳು.

ಸಾವಳಗಿಯ ತೋಟದ ಮುಂದೆ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಧರ್ಮರಾಜ ಭಾವನನ್ನು ನೋಡಿ ಹಿಗ್ಗಿಹೋದ.

"ಬರ್ರಿ ಮಾಮಾ! ನೋಡ್ರಿ ನಿಮ್ಮ ಕ್ಯಾಸೆಟ್ಟಿನ ಕರಾಮತ್ತ! ಎಲ್ಡ ತಿಂಗಳಾತು, ಒಂದ ಗುಬ್ಬಿ ಕುಂತಿಲ್ಲ. ಗಾಳಿ ಬಿಟ್ರ ಹೆಂಗ ಹಾಡ್ತಾವ ಅಂತೀರಿ!"

ನಿಜವಾಗಿಯೂ ಹಾಡುತ್ತಿದ್ದವು. ಹದಿನಾಲ್ಕು ಕ್ಯಾಸೆಟ್ಟಿನ ಟೇಪು ಕಂಬದಿಂದ ಕಂಬಕ್ಕೆ, ಸಾಲಿನಿಂದ ಸಾಲಿಗೆ ಹರಡಿ, ಇಡೀ ದ್ರಾಕ್ಷಿ ತೋಟವೇ ಬಿಸಿಲಲ್ಲಿ ಮಿಂಚುತ್ತಿತ್ತು. ಗಾಳಿ ಬೀಸಿದಾಗ ಒಂದು ಸಾಲು ಊಂ ಎಂದರೆ ಇನ್ನೊಂದು ಓಂ ಎನ್ನುತ್ತಿತ್ತು. ಚಿದಾನಂದ ಒಂದು ಗಳಿಗೆ ಬಂದ ಕೆಲಸ ಮರೆತು ನಿಂತ. ಇದರೊಳಗೆ ಎಲ್ಲೋ ಆ ಹುಡುಗರಿದ್ದಾರೆ, ನಾನಿದ್ದೇನೆ ಎಂದು ಅವನ ಕಣ್ಣು ತುಂಬಿತು.

"ಇದರಾಗ ನಿಂದ್ಯಾವುದು?" ಎಂದ ಅಪ್ಪಾಸಾಬ. "ಮದುವಿ ಹಾಡೂ ಅದಾವು, ಭಜನೀನೂ ಅದಾವು. ಎಲ್ಲಾ ಕಂದು ಬಣ್ಣ, ಎಲ್ಲಾ ಟೇಪು. ಹುಡುಕು."

ಅಪ್ಪಾಸಾಬ ಇಲ್ಲಿ ಒಂದು ವಿಷಯ ಮರೆತಿದ್ದ. ಚಿದಾನಂದನ ಗಂಟಲಿನ ಬಗ್ಗೆ ಯಾರು ಏನೇ ಅನ್ನಲಿ, ಅವನ ಕಣ್ಣಿನ ಬಗ್ಗೆ ಎರಡು ಮಾತಿರಲಿಲ್ಲ. ಸಾವಿರಾರು ಎಳೆಯ ಹಾಸಿನಲ್ಲಿ ಒಂದೇ ಒಂದು ಎಳೆ ಬೇರೆ ಬಣ್ಣದ್ದಿದ್ದರೆ ದೂರದಿಂದಲೇ ಬೆರಳಿಟ್ಟು ತೋರಿಸುವ ನೇಕಾರ ಅವನು. ವಿಜಯ ಅವತ್ತು ಜಮಖಂಡಿಯ ಪೇಟೆ ತಿರುಗಿ ತಂದ ಕ್ಯಾಸೆಟ್ಟಿನ ಟೇಪು ಉಳಿದವುಗಳಂತೆ ಕಂದಾಗಿರದೆ ಕೊಂಚ ಕಪ್ಪಿಗೆ ತಿರುಗಿತ್ತು, ಹಾಲು ಕಡಿಮೆ ಹಾಕಿದ ಚಹದ ಹಾಗೆ. ಚಿದಾನಂದ ಬಗ್ಗಿಕೊಂಡು ಸಾಲು ಸಾಲು ನಡೆದ. ನೆರಳಿಗೆ ಹಿಡಿದು ನೋಡಿದ, ಬಿಸಿಲಿಗೆ ಹಿಡಿದು ನೋಡಿದ. ಒಂಬತ್ತನೆಯ ಸಾಲಿನಲ್ಲಿ ನಿಂತು, "ಇದು!" ಎಂದ. ಅದನ್ನು ಹಿಡಿದುಕೊಂಡು ಹೋದರೆ ಹದಿಮೂರನೆಯ ಸಾಲಿನವರೆಗೆ ಒಂದೇ ಛಾಯೆ. ಅಪ್ಪಾಸಾಬ ತಾನೂ ಆ ಟೇಪನ್ನು ಬಿಸಿಲಿಗೆ ಹಿಡಿದು ನೋಡಿ ಕೈಬಿಟ್ಟ. ನೇಕಾರನಾದವನಿಗೆ ಅದು ಎಂಥ ಕಣ್ಣೆಂದು ಗೊತ್ತಿರುತ್ತದೆ.

ಬಿಚ್ಚುವುದಕ್ಕೆ ಧರ್ಮರಾಜ ಮಾತ್ರ ಒಪ್ಪಲಿಲ್ಲ. "ಮಾಮಾ, ವಾರದಾಗ ಕಟಾವ ಐತಿ. ನೀವು ಐದ ಸಾಲು ಬಿಚ್ಚಿದ್ರ ಗುಬ್ಬಿ ಬರ್ತಾವು. ಅವನ್ನ ಹೊಡಿಯಾವ್ರ ಯಾರು?"

ಎಲ್ಲರೂ ಅಪ್ಪಾಸಾಬನ ಕಡೆ ನೋಡಿದರು. ಸಾಕ್ಷಿ ಹೇಳಲು ಬಂದ ದೊಡ್ಡ ಮನುಷ್ಯ ಹೀಗೆ ತೋಟದ ನಡುವೆ ಒಂದು ಕೋಲು ಹಿಡಿದು ನಿಂತು, "ಹೋ! ಹೋಗ್ರವ್ವಾ! ಇದೇನ ನಿಮ್ಮಪ್ಪನ ತ್ವಾಟ?" ಎಂದು ಗುಬ್ಬಿಗಳ ಮೇಲೆ ಕೂಗುವಂತಾಯಿತು.

ಗಂಗಾಂಬಿಕಾ ಜೋಳದ ದಂಟಿನ ತುಂಡೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಇಪ್ಪತ್ತು ವರ್ಷ ಲಾಳಿಯ ಕಂಡಿಕೆಗೆ ನೂಲು ಸುತ್ತಿದ ಕೈ. ಚಿದಾನಂದ ಬಿಚ್ಚುತ್ತ ಬಂದ, ಅವಳು ಸುತ್ತುತ್ತ ಹೋದಳು. ಮೂರು ಕಡೆ ಟೇಪು ಹರಿದಿತ್ತು. ನೂಲಾಗಿದ್ದರೆ ನೇಕಾರ ಗಂಟು ಹಾಕಬಹುದಿತ್ತು, ಟೇಪಿಗೆ ಗಂಟು ಹಾಕಿದರೆ ಓಡುವುದಿಲ್ಲ. ಗಂಗಾಂಬಿಕಾ ಹಣೆಯ ಟಿಕಳಿ ಕಿತ್ತು, ಕತ್ತರಿಸಿ, ತುದಿಗೆ ತುದಿ ಇಟ್ಟು ಅಂಟಿಸಿದಳು. ಉಳಿದೆರಡಕ್ಕೆ ಧರ್ಮರಾಜನ ಹೆಂಡತಿಯ ಡಬ್ಬಿಯಿಂದ ಟಿಕಳಿ ಬಂದವು.

ಅಷ್ಟರಲ್ಲಿ ಪೂರ್ಣಿಮಾಳ ಕಾರು ಬಂದು ನಿಂತಿತು. ಕ್ಯಾಸೆಟ್ಟು ಎಲ್ಲಿ ಎಂದಳು. ಚಿದಾನಂದ ಜೋಳದ ದಂಟು ತೋರಿಸಿದ. ಅವಳು ದಂಟು ನೋಡಿದಳು, ತೋಟ ನೋಡಿದಳು, ಗುಬ್ಬಿಗಳ ಜೊತೆ ಜಗಳವಾಡುತ್ತಿದ್ದ ಮುದುಕನನ್ನು ನೋಡಿದಳು.

"ಹದಿನೆಂಟು ವರ್ಷ ಈ ಕೆಲಸಾ ಮಾಡೇನ್ರಿ," ಎಂದಳು ನಿಧಾನವಾಗಿ. "ತಿಪ್ಪ್ಯಾಗ ಸಿಕ್ಕಾವು, ಬಾವ್ಯಾಗ ಸಿಕ್ಕಾವು. ಜ್ವಾಳದ ದಂಟಿನ ಮ್ಯಾಲೆ ಇದ ಮೊದಲನೇದು."

ಆದರೆ ಅವಳೂ ಗಟ್ಟಿಗಿತ್ತಿ. ಬೇವಿನ ಮರದ ಬುಡದಲ್ಲಿ ಬಿದ್ದಿದ್ದ ಖಾಲಿ ಕ್ಯಾಸೆಟ್ಟೊಂದನ್ನು ತೆಗೆದುಕೊಂಡು, ಪುಟ್ಟ ತಿರುಪುಗಳನ್ನು ಬಿಚ್ಚಿ, ಟೇಪನ್ನು ಅದಕ್ಕೆ ಸುತ್ತಿ, ತಾನು ತಂದ ಯಂತ್ರಕ್ಕೆ ಹಾಕಿದಳು. ಎಲ್ಲರೂ ಸುತ್ತ ಕೂತರು. "ಹಾಡ ಬಂದ್ರ ನಾನೂ ಕೇಳ್ತೇನ್ರೋ!" ಎಂದು ಕೂಗುತ್ತ ಅಪ್ಪಾಸಾಬ ಕೋಲು ಬಿಟ್ಟು ಓಡಿಬಂದ.

ಕಂಬಳಿ ಹೊದ್ದು ಮಲಗಿದವರು ಕನವರಿಸಿದ ಹಾಗೆ ಒಂದು ಸದ್ದು ಬಂತು. ಹಾಡು ಕೊನೆಯಿಂದ ಮೊದಲಿಗೆ ಓಡುತ್ತಿತ್ತು. ಎಲ್ಲರೂ ಬಹಳ ಭಕ್ತಿಯಿಂದ ಕೇಳಿದರು.

"ಇಂಗ್ಲಿಷ್ ಇರಬೇಕು," ಎಂದ ಧರ್ಮರಾಜ.

"ಚಿದ್ಯಾನ ಆಲಾಪ ಇರಬೇಕು," ಎಂದ ಅಪ್ಪಾಸಾಬ.

ಪೂರ್ಣಿಮಾ ಯಂತ್ರ ನಿಲ್ಲಿಸಿ ಟೇಪನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ನಕ್ಕಳು. ನೂಲಿಗೆ ಒಳಮೈ ಹೊರಮೈ ಎಂಬುದಿಲ್ಲ, ಹೇಗೆ ಸುತ್ತಿದರೂ ನಡೆಯುತ್ತದೆ. ಟೇಪಿಗೆ ಹಾಡು ಇರುವುದು ಒಂದೇ ಮೈಯಲ್ಲಿ. ಊರಿಗೇ ಹೆಸರಾದ ಗಂಗಾಂಬಿಕಾಳ ಕೈ ಪೂರಾ ಟೇಪನ್ನು ಅಚ್ಚುಕಟ್ಟಾಗಿ, ಒಂದು ಸುಕ್ಕಿಲ್ಲದೆ, ಉಲ್ಟಾ ಸುತ್ತಿತ್ತು. ಮತ್ತೆ ಬಿಚ್ಚಿ ಸುತ್ತುವಷ್ಟರಲ್ಲಿ ಗುಬ್ಬಿಗಳು ಒಂದು ಸಾಲು ದ್ರಾಕ್ಷಿ ಮುಗಿಸಿದವು, ಧರ್ಮರಾಜ ಮಾಮಾ ಎನ್ನುವುದನ್ನು ಬಿಟ್ಟ.

ಎರಡನೆಯ ಸಲ ಹಾಕಿದಾಗ ಹಾಡು ಬಂತು.

ಎಂಥ ಹಾಡು! ಗಿಟಾರಿನ ಒಂದು ತಂತಿ ಸಡಿಲವಿತ್ತು. ಡ್ರಮ್ಮಿನ ಬದಲು ವಿಜಯ ನೂಲಿನ ತಗಡಿನ ಡಬ್ಬ ಬಡಿಯುತ್ತಿದ್ದ. ನಡುವೆ ಯಾರೋ ಕೆಮ್ಮಿದರು, ಯಾರೋ "ಲೇ, ಮತ್ತೊಮ್ಮೆ" ಎಂದರು. ಆದರೂ ಇಪ್ಪತ್ತರ ಹುಡುಗ ಅಭಿನಂದನನ ದನಿ ಎದ್ದಾಗ ಗಾಳಿ ಕೂಡ ನಿಂತಂತಾಯಿತು. ಹೆಸರಿಲ್ಲ, ಕೇಳುವವರಿಲ್ಲ, ನಾಳೆ ಏನೆಂದು ಗೊತ್ತಿಲ್ಲ, ಆದರೆ ಹಾಡದೆ ಇರಲಾರೆ ಎಂಬ ದನಿ. ಈಗಿನ ದೊಡ್ಡ ವೇದಿಕೆಯ ಹಾಡುಗಳಲ್ಲಿ ಎಲ್ಲ ಇದೆ, ಆ ಹಸಿವು ಇಲ್ಲ. ಪೂರ್ಣಿಮಾ ಕಣ್ಣೊರೆಸಿಕೊಂಡಳು. ಅಂದಾನೆಪ್ಪ ಟಂಟಂ ಬಿಟ್ಟು ಬಂದು ನಿಂತಿದ್ದ. ಅಪ್ಪಾಸಾಬ ಕೂಡ ತಲೆ ತೂಗುತ್ತಿದ್ದವನು, ಯಾರೋ ನೋಡಿದರೆಂದು ನಿಲ್ಲಿಸಿದ.

"ಕಾಕಾ, ಈಗ ಹೇಳ್ರಿ. ರೀಲೋ ಖರೇನೋ?" ಎಂದ ಚಿದಾನಂದ.

"ಹುಡುಗೋರು ಖರೆ. ನೀ ಎಲ್ಲಿ?"

ಏಳನೆಯ ಹಾಡು ಶುರುವಾಯಿತು. ಚಿದಾನಂದ ಬೆನ್ನು ನೆಟ್ಟಗೆ ಮಾಡಿ ಕೂತ. ಗಿಟಾರು ಏರಿತು, ಡಬ್ಬ ಏರಿತು, ಎಲ್ಲಿಂದಲೋ ಕುಂಯ್ ಎಂದು ಒಂದು ಕರ್ಕಶ ಸದ್ದು ಎದ್ದಿತು. ಅದರ ಹಿಂದೆಯೇ, ಗೋಡೆ ಒಡೆದು ಬಂದ ಹಾಗೆ, ಒಂದು ಕಂಠ:

"ಏ ಬಂದ್ ಮಾಡ್ರೋ!
ತಿಂಗಳಿಗೊಂದ ಅಮಾಸಿ ಬರ್ತೈತಿ,
ಅವತ್ತರೆ ಕಿವಿಗಿ ಸುಖಾ ಕೊಡ್ರೋ!
ದಿನಾ ಮಗ್ಗ ತೆಲ್ಯಾಗ ಬಡಿತಾವು,
ನೀವೂ ಬ್ಯಾರೆ ಬಡಿಬ್ಯಾಡ್ರೋ!"

ವಿಜಯನ ಡಬ್ಬ ಆ ಬೈಗುಳಕ್ಕೆ ತಾಳ ಹಿಡಿಯಿತು. ಬೈದವನು ಇನ್ನೂ ಸಿಟ್ಟಾಗಿ ಮತ್ತೆ ಬೈದ, ಗಿಟಾರು ಅವನ ಹಿಂದೆ ಓಡಿತು. ಜನ್ಮವಿಡೀ ಮಗ್ಗದ ಮೇಲೆ ಕೂಗಿದ ಒಬ್ಬ ನೇಕಾರನ ದಣಿವೆಲ್ಲ ಆ ಐದು ಸಾಲಿನಲ್ಲಿತ್ತು. ಕೇಳಿದವರ ಮೈಮೇಲೆ ಮುಳ್ಳೆದ್ದವು.

"ಇದ! ಇದ ದನಿ!" ಎಂದು ಪೂರ್ಣಿಮಾ ಎದ್ದೇ ನಿಂತಳು. "ಅಭಿನಂದನ ಹೇಳಿದ್ದು ಇದನ್ನ! ಚಿದಾನಂದ ಅವರ, ಏನ್ ಕಂಠಾರಿ ನಿಮ್ಮದು!"

ಅಪ್ಪಾಸಾಬ ಕಣ್ಣು ಕಿರಿದು ಮಾಡಿ ಕೂತಿದ್ದ. ತನ್ನ ದನಿ ತನಗೇ ಗುರುತು ಸಿಗುವುದಿಲ್ಲವಲ್ಲ. "ಯಾರಿಂವ? ಥೇಟ್ ನಮ್ಮಪ್ಪ ಒದರಿದಂಗ ಒದರಾಕತ್ತಾನ," ಎಂದ.

ಚಿದಾನಂದನಿಗೆ ಮೊದಲ ಅಕ್ಷರಕ್ಕೇ ಗೊತ್ತಾಗಿತ್ತು. ಮೂವತ್ತು ವರ್ಷದಿಂದ ಗೋಡೆಯಾಚೆಯಿಂದ ಬರುತ್ತಿದ್ದ ದನಿ ಅದು. ಅವತ್ತು ಕಣ್ಣು ಮುಚ್ಚಿ ಹಾಡುತ್ತಿದ್ದವನ ಕಿವಿಗೆ ಅದು ಬಿದ್ದಿರಲೇ ಇಲ್ಲ. ಹೌದು ನಾನೇ ಎಂದಿದ್ದರೆ ಅಲ್ಲಿ ಯಾರೂ ಅಲ್ಲ ಎನ್ನುತ್ತಿರಲಿಲ್ಲ. ಇಪ್ಪತ್ತೊಂದು ವರ್ಷ ಸುಳ್ಳುಗಾರ ಎನ್ನಿಸಿಕೊಂಡವನಿಗೆ ಸುಳ್ಳು ಹೇಳಲು ಸಿಕ್ಕ ಮೊದಲ ಒಳ್ಳೆಯ ಅವಕಾಶ ಅದು. ನಾನು ಈ ಮನುಷ್ಯನನ್ನು ಮೆಚ್ಚುವುದು ಇದಕ್ಕೇ.

"ಅದು ನಾ ಅಲ್ರಿ ಮೇಡಂ," ಎಂದ ನೆಲ ನೋಡುತ್ತ. "ಈ ಅಪ್ಪಾಸಾಬ ಕಾಕಾ."

ತಿನ್ನುತ್ತಿದ್ದ ದ್ರಾಕ್ಷಿ ಗೊಂಚಲು ಅಪ್ಪಾಸಾಬನ ಕೈಯಿಂದ ಜಾರಿತು.

ಆಮೇಲೆ ಏನು ಹೇಳುವುದು! ಪೂರ್ಣಿಮಾ ಮುದುಕನ ಕಾಲಿಗೆರಗಿದಳು. ಧರ್ಮರಾಜ ಅವನಿಗೆ ಖುರ್ಚಿ ತಂದ. ಅಂದಾನೆಪ್ಪ ಜೊತೆಗೆ ನಿಂತು ಫೋಟೋ ತೆಗೆಸಿಕೊಂಡ. ಚಿದಾನಂದ ದೂರದ ಕಂಬದ ಹತ್ತಿರ ಹೋಗಿ ನಿಂತ. ತಾನು ಹಾಡಿದ್ದು ಹಾಗಾದರೆ ಕನಸೇ? ಆ ಚಪ್ಪಾಳೆ ತನಗಲ್ಲವೇ?

ಪೂರ್ಣಿಮಾ ಮತ್ತೊಮ್ಮೆ ಹಾಡು ಹಾಕಿ, "ಕಾಕಾ ಅವರ ದನಿಗಿಂತ ಮೊದಲ ಏನೋ ಒಂದ ಸದ್ದೈತ್ರಿ. ಎಣ್ಣಿ ಕಾಣದ ಬಾಗಲಾ ತಗದಂಗ. ಇರ್ಲಿ, ಕಂಪ್ಯೂಟರಿನ್ಯಾಗ ಅಳಿಸಿದ್ರಾತು," ಎಂದಳು.

ಕುಂಯ್ ಎಂಬ ಆ ಸದ್ದು ಎರಡನೆಯ ಸಲ ತೋಟದಲ್ಲಿ ಹರಡಿತು. ಗಂಗಾಂಬಿಕಾಳ ಮುಖ ಅರಳಿತು.

"ಅಯ್ಯ, ಅಳಿಸಬ್ಯಾಡ್ರೆವ್ವಾ! ಅದು ಬಾಗಲಾ ಅಲ್ಲ! ನಮ್ಮನಿಯವರು!" ಎಂದು ಅವಳು ಕೂಗಿದಳು. "ದಿನಾ ಬಚ್ಚಲದಾಗ ಕೇಳ್ತೇನ್ರಿ, ನನಗ ಗೊತ್ತಾಗಂಗಿಲ್ಲನ?"

ಅಪ್ಪಾಸಾಬ ಖುರ್ಚಿಯಿಂದ ಎದ್ದ. "ಹೌದ ನೋಡು! ಈಗ ನೆನಪಾತು, ನಾ ಬೈದದ್ದ ಅದಕ್ಕ! ಹುಡುಗೋರು ಬಾರ್ಸಿದ್ದನ್ನ ಹೆಂಗೋ ತಡಕೊಂಡಿದ್ನಿ. ಇದು ಚಾಲೂ ಆದಕೂಡಲೆ ಎದ್ದು ಬಂದ್ನಿ!" ಅವನು ಚಿದಾನಂದನ ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟ. "ನೀ ಹಾಡಿದ್ದು ಖರೆ ಐತೆಪಾ ಚಿದ್ಯಾ. ಇನ್ನ ಮ್ಯಾಲೆ ನಿನಗ ಯಾವನರೆ ರೀಲ್ ಅಂದ್ರ ನನ್ನ ಕೇಳ್ರಿ ಅನ್ನು."

ಹೀಗೆ ಚಿದಾನಂದನ ಮಾತು ನಿಜವಾಯಿತು. ಅದು ಸುಳ್ಳಾಗಿದ್ದರೇ ಚೆನ್ನಾಗಿತ್ತೇನೋ ಎಂದು ಅವನಿಗೆ ಅನ್ನಿಸಿತು.

ಸಂಜೆ ಆರಕ್ಕೆ ಜಮಖಂಡಿಯ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಹಿಂದೆ ಅಭಿನಂದನ ಅಪ್ಪಾಸಾಬನಿಗೆ ಶಾಲು ಹೊದಿಸಿ, ಹಾರ ಹಾಕಿ, ಒಮ್ಮೆ ಬೈದು ತೋರಿಸಲು ಬೇಡಿಕೊಂಡ. ಹಾರ ಹಾಕಿದ ಮೇಲೆ ಯಾರಿಗೆ ಸಿಟ್ಟು ಬರುತ್ತದೆ? ಅಪ್ಪಾಸಾಬ ಕೈಮುಗಿದು, "ಎಲ್ಲಾರೂ ಛಲೋತ್ನಾಗಿ ಬಾರ್ಸ್ರೆಪಾ, ನಂದೇನ ತಕರಾರಿಲ್ಲ" ಎಂದ. ಬದುಕಿನಲ್ಲಿ ಮೊದಲ ಬಾರಿ ಅವನ ಬಾಯಿಂದ ಆ ಮಾತು ಬಂದಿತ್ತು. ಮೂರು ಸಲ ಹೇಳಿಸಿದರೂ ಅದೇ ಮಾತು.

ಅಭಿನಂದನ ಮೂಲೆಯಲ್ಲಿ ನಿಂತ ಚಿದಾನಂದನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡ. "ಅಣ್ಣಾ, ಅವತ್ತ ನೀವು ಬಾಗಲಾ ತಗದಿಲ್ಲಂದ್ರ ಇವತ್ತ ನಾವ್ಯಾರೂ ಇಲ್ಲ. ಈ ಮಾತ ನಾ ಎಲ್ಲಾ ಕಡೆ ಹೇಳ್ತೇನಿ. ಇವತ್ತ ನೀವು ಹಾಡಬೇಕು. ಅವತ್ತ ಹಾಡಿದಂಗ, ಅಷ್ಟ ಮನಸಿಟ್ಟು."

"ನಾನಾ? ಮೈಕಿನ್ಯಾಗ?"

"ಮೈಕಿನ್ಯಾಗನ."

ಚಿದಾನಂದನ ಕೈಗೆ ಮೈಕು ಬಂತು. ಪರದೆಯ ಮರೆಯಲ್ಲಿ ನಿಂತು ಹಾಡಬೇಕೆಂದರು, ನಿಂತ. ಹಾಡು ಏರಿತು, ವಿಜಯ ಕೈಸನ್ನೆ ಮಾಡಿದ. ಚಿದಾನಂದ ಕಣ್ಣು ಮುಚ್ಚಿದ. ಇಪ್ಪತ್ತೊಂದು ವರ್ಷದ ಅವಮಾನ, ಆಸೆ, ಪ್ರೀತಿ ಎಲ್ಲವನ್ನೂ ಎತ್ತಿ ಆ ಆಲಾಪಕ್ಕೆ ಹಾಕಿದ. ಆಚೆ ಅಪ್ಪಾಸಾಬ ಮೆಟ್ಟಿಬಿದ್ದು, ಮುಖ ಕೆಂಪಗೆ ಮಾಡಿ, "ಏ ಬಂದ್ ಮಾಡ್ರೋ!" ಎಂದು ಸಿಡಿದ. ಮೈದಾನಕ್ಕೆ ಮೈದಾನವೇ ಎದ್ದು ಕುಣಿಯಿತು. ಚಿದಾನಂದ ಉಸಿರು ಇರುವವರೆಗೂ ಹಾಡಿದ.

ಹಾಡು ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತ ಕೆಳಗಿಳಿದು ಬಂದು ಹೆಂಡತಿಯನ್ನು ಕೇಳಿದ. "ಹೆಂಗಿತ್ತ ಗಂಗಾ?"

ಗಂಗಾಂಬಿಕಾ ಅವನನ್ನು ಕಕ್ಕಾಬಿಕ್ಕಿಯಾಗಿ ನೋಡಿದಳು. "ನೀವ ಯಾವಾಗ ಹಾಡಿದ್ರಿ? ಕಾಕಾನ ದನಿ ಒಂದ ಕೇಳ್ತು."

ಪಕ್ಕದಲ್ಲೇ ತಂತಿ ಸುತ್ತುತ್ತಿದ್ದ ಮೈಕಿನವನು ತಲೆಯೆತ್ತಿದ. "ಅಣ್ಣಾರದು ಹೊರಗ ಕೊಟ್ಟಿದ್ದಿಲ್ರಿ ಅಕ್ಕಾರ. ಕಾಕಾನ ಕಿವ್ಯಾಗ ಒಂದ ಸಣ್ಣ ಗುಂಡಿ ಇಟ್ಟಿದ್ವಿ, ಅದಕ್ಕಷ್ಟ ಕೊಟ್ಟಿದ್ದು. ಅಭಿನಂದನ ಸರ್ ಹಂಗ ಹೇಳಿದ್ರು."

ಅಷ್ಟರಲ್ಲಿ ವೇದಿಕೆಯ ಮೆಟ್ಟಿಲಿಳಿದು ಅಪ್ಪಾಸಾಬ ಬಂದ. ಕೊರಳಲ್ಲಿ ಮೂರು ಹಾರ, ಹಿಂದೆ ಫೋಟೋ ತೆಗೆಯುವವರ ಹಿಂಡು. ಒಂದು ಕೈಯಿಂದ ಕಿವಿ ಮುಚ್ಚಿಕೊಂಡಿದ್ದ, ಕಣ್ಣಲ್ಲಿ ನೀರು ಬಂದಿತ್ತು.

"ಚಿದ್ಯಾ," ಎಂದ, ಅಳುವ ದನಿಯಲ್ಲಿ. "ಇನ್ನೂ ಎಂಟ ಊರಾಗ ಐತಂತಲೋ. ಇಬ್ಬರೂ ಬರಬೇಕಂತ."